ಟೊಮೆಟೊದ ‘ಊಜಿ’ ನೊಣ ಅಲ್ಲ ಸ್ವಾಮಿ

ಟೊಮೆಟೊಗೆ ಊಜಿ ನೊಣದ ಕಾಟ ಅಂತ ಮತ್ತೊಂದು ವಿಡಿಯೋ ಬಂತು, ಫೋಟೋ ನೋಡಿದ್ರೆ ಪತಂಗ! ಕೋಲಾರದ ಕಡೆ ರೈತರು ಬಾಯಿಮಾತಲ್ಲಿ ಊಜಿ ಅಂದ್ರೆ ನಂದೇನೂ ತಕರಾರಿಲ್ಲ. ಬರೆಯೋರು ಅದಕ್ಕೆ ‘ನೊಣ’ ಅಂತ ಬಾಲ ಅಂಟಿಸ್ತಾರಲ್ಲ, ಅಲ್ಲಿ ತಲೆ ಕೆಡತ್ತೆ.

ಊಜಿ ಜಪಾನಿ ಪದ. ಅಲ್ಲಿ ‘ಉಜಿ’ ಅಂದ್ರೆ ನೊಣದ ಮರಿಹುಳ, ಕೊಳೆತಿದ್ರಲ್ಲಿ ಮಿಜಿಮಿಜಿ ಅನ್ನತ್ತಲ್ಲ, ಅದು. ರೇಷ್ಮೆಹುಳದ ಮೈಮೇಲೆ ಮೊಟ್ಟೆ ಇಡೋ ನೊಣಕ್ಕೆ ಆ ಹೆಸರಾಯ್ತು, 1980ರಲ್ಲಿ ಆ ನೊಣ ಕರ್ನಾಟಕಕ್ಕೆ ಬಂದಾಗ ಹೆಸರೂ ಜೊತೆಗೇ ಬಂತು, ಹುಳದ ಮನೆ ಕಿಟಕಿಗೆಲ್ಲ ಬಲೆ ಹೊಡೆಸಿದ್ದು ಅದೇ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಹಿಪ್ಪುನೇರಳೆ ಪಕ್ಕದಲ್ಲೇ ಟೊಮೆಟೊ ಇರತ್ತೆ, ಹೊಸ ಪೀಡೆಗೆ ಹಳೇ ಪೀಡೆ ಹೆಸರು ಹಾಗೇ ಅಂಟಿದೆ ಅಂತ ನನ್ನ ಲೆಕ್ಕ.

ಟೊಮೆಟೊದ್ದು ದಕ್ಷಿಣ ಅಮೆರಿಕದ ಟೂಟಾ ಅಬ್ಸಲ್ಯೂಟಾ ಅನ್ನೋ ಪತಂಗ. ಉದ್ದ 5ರಿಂದ 7 ಮಿಲಿಮೀಟರ್, ಬೂದಿಗೆ ಬೆಳ್ಳಿ ಬೆರೆಸಿದಂಥ ಬಣ್ಣ, ಮುಂದಿನ ರೆಕ್ಕೆ ಮೇಲೆ ಕಪ್ಪು ಚುಕ್ಕೆ, ದಾರದಂಥ ಮೀಸೆಯುದ್ದಕ್ಕೂ ಒಂದಾದ ಮೇಲೊಂದು ಕಪ್ಪು-ಬಿಳಿ ಪಟ್ಟೆ. ಬೆರಳಲ್ಲಿ ಒತ್ತಿದ್ರೆ ಪುಡಿ ಅಂಟತ್ತೆ, ನೊಣಕ್ಕೆ ಎಲ್ಲಿಂದ ಬರ್ಬೇಕು ಆ ಪುಡಿ? ನೊಣಕ್ಕೆ ರೆಕ್ಕೆ ಎರಡೇ, ಇದಕ್ಕೆ ನಾಲ್ಕು. ಮರಿಗೆ ತಲೆ ಹಿಂದೆ ತೆಳ್ಳಗೆ ಒಂದು ಕಪ್ಪು ಗೆರೆ, ಗುರುತು ಹಿಡಿಯೋರು ಮೊದಲು ನೋಡೋದು ಅದನ್ನೇ.

ಇನ್ನು ‘ಟೂಟಾ’ ಅನ್ನೋ ಹೆಸರಾದ್ರೂ ಗಟ್ಟಿನಾ ಅಂದ್ರೆ ಅದೂ ಇಲ್ಲ. ಪೆರುವಿನ ಹುವಾಂಕಾಯೊದಲ್ಲಿ ಸಿಕ್ಕ ಪತಂಗ ನೋಡಿ 1917ರಲ್ಲಿ ಕೀಟತಜ್ಞ ಮೆಯ್ರಿಕ್ ಇಟ್ಟ ಹೆಸರು ಥೋರಿಮಿಯಾ ಅಬ್ಸಲ್ಯೂಟಾ, ಆಮೇಲೆ ಒಬ್ಬೊಬ್ರು ಒಂದೊಂದು ಕುಲಕ್ಕೆ ಎತ್ತಿಹಾಕಿ, 1994ರಲ್ಲಿ ಪೊವೊಲ್ನಿ ಅನ್ನೋ ಇನ್ನೊಬ್ಬ ತಜ್ಞರು ಟೂಟಾ ಕುಲಕ್ಕೆ ತಂದು, 2021ರಲ್ಲಿ ಮತ್ತೆ ಥೋರಿಮಿಯಾಕ್ಕೇ ವಾಪಸ್ ಹಾಕಿದ್ರು. ಅಂದ್ರೆ ಆಲೂಗಡ್ಡೆ ಕೊರೆಯೋ ಪತಂಗದ ಕುಲವೇ, ಗೆಲೆಕಿಯಿಡೇ ಕುಟುಂಬ. ನಮ್ಮ ದೇಶಕ್ಕೆ ಬಂದಿದ್ದು 2014ರಲ್ಲಿ, ಟೂಟಾ ಹೆಸರಿದ್ದಾಗ, ಅದಕ್ಕೇ ಎಲ್ರ ಬಾಯಲ್ಲೂ ಇನ್ನೂ ಟೂಟಾ.

ಅನುಮಾನ ಇದ್ರೆ ಒಂದೆಲೆ ಕಿತ್ತು ಬೆಳಕಿಗೆ ಹಿಡೀರಿ. ಪೊರೆ ಮಾತ್ರ ಉಳಿದು ದೊಡ್ಡ ಮಚ್ಚೆ ಆಗಿ ಒಳಗೆ ಕಪ್ಪು ಹಿಕ್ಕೆ ಕಂಡ್ರೆ ಟೂಟಾ. ಸಣ್ಣಗೆ ಬಿಳೀ ಗೆರೆ ಅಂಕುಡೊಂಕಾಗಿ ಓಡಿದ್ರೆ ರಂಗೋಲಿ ಹುಳು, ಅದರ ತಾಯಿ ಮಾತ್ರ ನಿಜವಾಗ್ಲೂ ನೊಣ, ವಿಚಿತ್ರ ಅಂದ್ರೆ ಅದನ್ನ ನೊಣ ಅಂತ ಯಾರೂ ಬರೆಯಲ್ಲ.