ಕಡಲಿಗೆ ಹೆಪ್ಪು ಹಾಕುವ ನದಿ, ಕಾದು ಕೂತ ಕರಡಿಗಳು

ಹಿಮಕರಡಿ ಎಂಬ ಹೆಸರೇ ಅರ್ಧ ದಾರಿ ತಪ್ಪಿಸುತ್ತದೆ. ನೆಲದ ಮೇಲೆ ಹಿಮ ಎಷ್ಟೇ ಬೀಳಲಿ, ಅದರಿಂದ ಈ ಪ್ರಾಣಿಯ ಹೊಟ್ಟೆ ತುಂಬುವುದಿಲ್ಲ. ಅದಕ್ಕೆ ಬೇಕಾದದ್ದು ಕಡಲ ಮೇಲೆ ಹಾಸಿಕೊಂಡ ಗಟ್ಟಿ ಮಂಜುಗಡ್ಡೆ. ಸೀಲ್‌ಗಳು ಉಸಿರಾಡಲು ಬರುವ ಕಿಂಡಿಯ ಪಕ್ಕ ಗಂಟೆಗಟ್ಟಲೆ ಹೊಂಚು ಹಾಕಿ ಕೂರಲು ಅದೇ ನೆಲೆ. ತೆರೆದ ನೀರಿನಲ್ಲಿ ಸೀಲನ್ನು ಬೆನ್ನಟ್ಟಿ ಹಿಡಿಯುವುದು ಕರಡಿಯ ಕೈಲಾಗುವ ಕೆಲಸವಲ್ಲ. 1774ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟ ಬ್ರಿಟಿಷ್ ನೌಕಾಧಿಕಾರಿ ಕಾನ್‌ಸ್ಟಂಟೈನ್ ಫಿಪ್ಸ್ ಸರಿಯಾಗಿಯೇ ಗುರುತಿಸಿದ್ದ: ಉರ್ಸಸ್ ಮಾರಿಟಿಮಸ್, ಅಂದರೆ ಕಡಲ ಕರಡಿ.

ಇದೊಂದು ತಲೆಯಲ್ಲಿದ್ದರೆ ಕೆನಡಾದ ಚರ್ಚಿಲ್‌ಗೆ ಹೋಗುವ ಕರಡಿ ಪ್ರವಾಸದ ಎಲ್ಲ ವಿಚಿತ್ರಗಳೂ ಬಿಡಿಸಿಕೊಳ್ಳುತ್ತವೆ. ಮ್ಯಾನಿಟೋಬಾ ಪ್ರಾಂತ್ಯದ ಈ ಊರಿನಲ್ಲಿ ಒಂಬೈನೂರು ಜನವೂ ಇಲ್ಲ. ಹಡ್ಸನ್ ಕೊಲ್ಲಿಯ ಪಶ್ಚಿಮ ದಡದಲ್ಲಿದೆ. ಆರ್ಕ್ಟಿಕ್ ವೃತ್ತದ ಒಳಗಿಲ್ಲ, ಸ್ಕಾಟ್ಲೆಂಡಿನ ಉತ್ತರ ತುದಿಯ ಅಕ್ಷಾಂಶವೇ ಇದರದ್ದೂ. ಹೊರಗಿನಿಂದ ರಸ್ತೆ ಇಲ್ಲ. ವಿನ್ನಿಪೆಗ್‌ನಿಂದ ವಿಮಾನವಾದರೆ ಎರಡೂವರೆ ಗಂಟೆ, ರೈಲಾದರೆ ಸುಮಾರು 1,700 ಕಿ.ಮೀ., ಎರಡು ರಾತ್ರಿ. ಹಳಿ ಹಾಸಿರುವುದು ಒಳಗೆ ಸದಾ ಹೆಪ್ಪುಗಟ್ಟಿರುವ ನೆಲದ ಮೇಲೆ. ಆ ನೆಲ ಅಲ್ಲಲ್ಲಿ ಕರಗಿ ಕುಸಿಯುವುದರಿಂದ ರೈಲು ತೆವಳುತ್ತದೆ. 2017ರ ಪ್ರವಾಹದಲ್ಲಿ ಹಳಿ ಕೊಚ್ಚಿಹೋಗಿ ಸುಮಾರು ಒಂದೂವರೆ ವರ್ಷ ಊರಿಗೆ ರೈಲೇ ಇರಲಿಲ್ಲ. ಅಕ್ಟೋಬರ್ ಮಧ್ಯದಿಂದ ನವೆಂಬರ್ ಮಧ್ಯದವರೆಗಿನ ನಾಲ್ಕೈದು ವಾರ ಮಾತ್ರ ಇಲ್ಲಿ ಕರಡಿಗಳ ಜಾತ್ರೆ. ಪ್ರವಾಸದ ಜಾಹೀರಾತುಗಳು ‘ಹಿಮಕರಡಿಗಳ ರಾಜಧಾನಿ’ ಎಂದು ಬರೆಯುತ್ತವೆ. ನಿಜ ಹೇಳಬೇಕೆಂದರೆ ಇದು ರಾಜಧಾನಿಯಲ್ಲ, ಬಸ್‌ಸ್ಟ್ಯಾಂಡು. ಜುಲೈಯಲ್ಲಿ ಕೊಲ್ಲಿಯ ಮಂಜು ಪೂರ್ತಿ ಕರಗಿದಾಗ ದಡಕ್ಕೆ ಬಂದಿಳಿದ ಕರಡಿಗಳು ಮತ್ತೆ ಹತ್ತಿ ಹೋಗಲು ಇಲ್ಲಿ ಕಾಯುತ್ತವೆ.

ಇಲ್ಲೇ ಯಾಕೆ? ಕೊಲ್ಲಿಯ ನೀರು ಮೊದಲು ಹೆಪ್ಪಾಗುವ ಜಾಗಗಳಲ್ಲಿ ಇದೂ ಒಂದು. ಅದಕ್ಕೆ ಮುಖ್ಯ ಕಾರಣ ಚರ್ಚಿಲ್ ನದಿ. ಸಿಹಿನೀರು 0 ಡಿಗ್ರಿಗೆ ಹೆಪ್ಪುಗಟ್ಟುತ್ತದೆ, ಕಡಲ ನೀರು ಸುಮಾರು ಮೈನಸ್ 1.8ಕ್ಕೆ. ಎಲ್ಲ ಪ್ರವಾಸ ಕೈಪಿಡಿಗಳೂ ಇಷ್ಟು ಹೇಳಿ ಮುಂದೆ ಹೋಗುತ್ತವೆ. ಆದರೆ ಎರಡು ಡಿಗ್ರಿಯ ವ್ಯತ್ಯಾಸ ಈ ಕಥೆಯಲ್ಲಿ ಚಿಲ್ಲರೆ. ದೊಡ್ಡ ಮೊತ್ತ ಇರುವುದು ನೀರಿನ ತೂಕದಲ್ಲಿ.

ಉಪ್ಪುನೀರು ತಣ್ಣಗಾದಷ್ಟೂ ಭಾರವಾಗುತ್ತದೆ, ಹೆಪ್ಪುಗಟ್ಟುವ ಕ್ಷಣದ ತನಕ. ಮೇಲಿನ ಪದರ ಗಾಳಿಗೆ ತಣಿದ ಕೂಡಲೇ ಕೆಳಗೆ ಮುಳುಗುತ್ತದೆ, ಕೆಳಗಿನ ಬೆಚ್ಚನೆಯ ನೀರು ಅದರ ಜಾಗಕ್ಕೆ ಬರುತ್ತದೆ. ಧರ್ಮಸ್ಥಳದ ಊಟದ ಪಂಕ್ತಿಯ ಹಾಗೆ. ಒಂದು ಪಂಕ್ತಿ ಎದ್ದರೆ ಇನ್ನೊಂದು ಕೂರುತ್ತದೆ, ಹೊರಗೆ ನಿಂತವರೆಲ್ಲ ಉಂಡು ಮುಗಿಯದೆ ಬಾಗಿಲು ಹಾಕುವಂತಿಲ್ಲ. ಸಿಹಿನೀರಿನ ಹಟ ಬೇರೆ. ಅದು 4 ಡಿಗ್ರಿಯಲ್ಲಿ ಅತಿ ಭಾರ. ಅಲ್ಲಿಂದ ಕೆಳಗೆ ತಣಿಯುತ್ತ ಹೋದರೆ ಮತ್ತೆ ಹಗುರ. ಅಂದರೆ ಮೊದಲ ಪಂಕ್ತಿಯವರು ಉಂಡ ಮೇಲೂ ಎಲೆ ಬಿಟ್ಟು ಏಳುವುದಿಲ್ಲ. ಮೇಲಿನ ತೆಳು ಪದರವೊಂದೇ ತಣಿದು ತಣಿದು ಗಟ್ಟಿಯಾಗುತ್ತದೆ.

ಇನ್ನೊಂದು ಹೋಲಿಕೆ ಬೇಕಾದರೆ ಬಚ್ಚಲ ಹಂಡೆಯನ್ನು ನೆನೆಯಿರಿ. ಉರಿ ಕೆಳಗಿದ್ದಾಗ ಹಂಡೆಯ ನೀರೆಲ್ಲ ಸುತ್ತಿ ಸುತ್ತಿ ಕಾಯುತ್ತದೆ. ಉರಿಯನ್ನು ಮೇಲಿಟ್ಟರೆ ಮೇಲಿನ ನಾಲ್ಕು ಬೆರಳು ಕುದಿಯುತ್ತದೆ, ತಳ ತಣ್ಣಗೇ ಇರುತ್ತದೆ. ಉಪ್ಪುಕಡಲು ಮೊದಲ ಹಂಡೆಯ ಹಾಗೆ, ಕೊನೆಯ ತನಕ ಸುತ್ತುತ್ತದೆ. ನದಿಯ ಮುಖ ಎರಡನೆಯದರ ಹಾಗೆ, ಕಾವಿನ ಬದಲು ಚಳಿ ಮೇಲೆಯೇ ನಿಲ್ಲುತ್ತದೆ. ನದಿಯ ನೀರು ಕಡಲಿಗೆ ಸೇರಿ ಸ್ವಲ್ಪ ಉಪ್ಪಾದರೂ ಈ ಗುಣ ತಕ್ಷಣ ಹೋಗುವುದಿಲ್ಲ. ಕಿಲೋ ನೀರಿನಲ್ಲಿ ಉಪ್ಪು ಸುಮಾರು 24.7 ಗ್ರಾಂ ದಾಟುವ ತನಕ ಅದು ಸಿಹಿನೀರಿನ ಹಾಗೇ ನಡೆದುಕೊಳ್ಳುತ್ತದೆ. ಮಾಮೂಲಿ ಸಾಗರದ ನೀರಿನಲ್ಲಿ ಇರುವುದು ಸುಮಾರು 35 ಗ್ರಾಂ. ಕೊಲ್ಲಿಯ ಪ್ರವಾಹ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ಈ ಹಗುರ ನೀರು ದಡಕ್ಕೆ ಅಂಟಿಕೊಂಡು ಪೂರ್ವಕ್ಕೆ, ಕೇಪ್ ಚರ್ಚಿಲ್ ಎಂಬ ಭೂಶಿರದ ಕಡೆಗೆ ಹರಡುತ್ತದೆ. ವಾಯವ್ಯದ ಗಾಳಿ ತೇಲುವ ಮಂಜನ್ನೂ ಅಲ್ಲಿಗೇ ತಂದು ಒಟ್ಟುತ್ತದೆ. ನಮ್ಮ ಭಾಷೆ ಇದಕ್ಕೆ ತಕ್ಕ ಮಾತನ್ನು ಮೊದಲೇ ಇಟ್ಟುಕೊಂಡಿದೆ: ನದಿ ಕಡಲಿಗೆ ಹೆಪ್ಪು ಹಾಕುತ್ತದೆ. ಹಾಲಿನ ಹೆಪ್ಪು ಇಡೀ ಪಾತ್ರೆಗೆ ಹಬ್ಬುತ್ತದೆ, ಇದು ಹಾಗೆ ಹಬ್ಬುವುದಿಲ್ಲ, ಒಪ್ಪುತ್ತೇನೆ. ಆದರೂ ಮಾತನ್ನು ಬಿಡಲು ಮನಸ್ಸಿಲ್ಲ.

ಈ ಮಂಜಿನ ಪಂಚಾಂಗಕ್ಕೆ ತಲೆಬಾಗಿದ್ದು ಕರಡಿಗಳಷ್ಟೇ ಅಲ್ಲ. 1769ರ ಜೂನ್ 3ರಂದು ಸೂರ್ಯನ ಮುಂದೆ ಶುಕ್ರ ಹಾದುಹೋಗುವುದನ್ನು ಅಳೆಯಲು ವಿಲಿಯಂ ವೇಲ್ಸ್ ಎಂಬ ಖಗೋಳಜ್ಞ ಇಲ್ಲಿನ ಪ್ರಿನ್ಸ್ ಆಫ್ ವೇಲ್ಸ್ ಕೋಟೆಗೆ ಬಂದ. ಕೆಲವು ಗಂಟೆಗಳ ವೀಕ್ಷಣೆಗಾಗಿ ಹಿಂದಿನ ಬೇಸಿಗೆಯಲ್ಲೇ ಬಂದು ಇಡೀ ಚಳಿಗಾಲ ಕೂರಬೇಕಾಯಿತು, ಏಕೆಂದರೆ ಜೂನ್‌ನಲ್ಲಿ ಕೊಲ್ಲಿಗೆ ಹಡಗು ನುಗ್ಗುವುದಿಲ್ಲ. ಅದಕ್ಕೂ ನೂರೈವತ್ತು ವರ್ಷ ಮೊದಲು, 1619ರಲ್ಲಿ, ಡೆನ್ಮಾರ್ಕಿನ ರಾಜನಿಗಾಗಿ ಏಷ್ಯಾದ ದಾರಿ ಹುಡುಕುತ್ತಿದ್ದ ಯೆನ್ಸ್ ಮುಂಕ್ ಎರಡು ಹಡಗು, ಅರುವತ್ತಕ್ಕೂ ಮೇಲ್ಪಟ್ಟ ಜನರೊಂದಿಗೆ ಇದೇ ನದಿಮುಖದಲ್ಲಿ ಸಿಕ್ಕಿಬಿದ್ದ. ಮರುವರ್ಷ ಜೀವಂತ ಹೊರಟವರು ಮೂವರು. ಸಾವಿಗೆ ಕಾರಣ ಸಿ ವಿಟಮಿನ್ನಿನ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆ ಎಂಬುದು ಹಳೆಯ ಮಾತು. ಅವರು ಅರೆಬೆಂದ ಕರಡಿ ಮಾಂಸ ತಿಂದದ್ದು ದಾಖಲಾಗಿರುವುದರಿಂದ ಟ್ರೈಕಿನೆಲ್ಲಾ ಎಂಬ ಹುಳುವಿನ ಸೋಂಕೂ ಸೇರಿರಬಹುದು ಎಂಬ ವಾದವಿದೆ. ಉತ್ತರದ ಈ ಹುಳುವಿನ ಜಾತಿ ಮಾಂಸವನ್ನು ಫ್ರೀಜ್ ಮಾಡಿದರೂ ಸಾಯುವುದಿಲ್ಲ. ಕರಡಿಯ ಪಿತ್ತಜನಕಾಂಗವಂತೂ ಎ ವಿಟಮಿನ್ನಿನ ವಿಷದ ಮಡಕೆ. 1597ರಲ್ಲಿ ಡಚ್ ಅನ್ವೇಷಕ ಬ್ಯಾರೆಂಟ್ಸ್‌ನ ನಾವಿಕರು ಅದನ್ನು ಬೇಯಿಸಿ ತಿಂದು, ಅವರಲ್ಲಿ ಮೂವರ ಚರ್ಮ ತಲೆಯಿಂದ ಕಾಲಿನವರೆಗೆ ಸುಲಿದುಹೋಗಿತ್ತು.

ಸರಿ, ಪ್ರವಾಸದ ದಿನಕ್ಕೆ ಬರೋಣ. ಬೆಳಗ್ಗೆ ಬಸ್ಸಿನಲ್ಲಿ ಊರಿನ ಪೂರ್ವಕ್ಕೆ, ಅಲ್ಲಿಂದ ಟಂಡ್ರಾ ಬಗ್ಗಿ ಎಂಬ ದೈತ್ಯ ವಾಹನ. 1979ರಲ್ಲಿ ಊರಿನ ಲೆನ್ ಸ್ಮಿತ್ ಎಂಬ ಮೆಕ್ಯಾನಿಕ್ ಮೊದಲನೆಯದನ್ನು ಕಟ್ಟಿದ. ಆಳೆತ್ತರದ, ಸುಮಾರು 1.7 ಮೀಟರ್ ಟೈರುಗಳು. ಅವುಗಳಲ್ಲಿ ಗಾಳಿ ಕಡಿಮೆ. ಒಂಟೆಯ ಪಾದದಂತೆ ಅಗಲವಾಗಿ ಒತ್ತಿ ಭಾರವನ್ನು ಹಂಚುತ್ತವೆ. ಆದರೂ ಗಾಡಿ ಎಲ್ಲೆಂದರಲ್ಲಿ ಓಡುವುದಿಲ್ಲ. ಶೀತಲ ಸಮರದ ಕಾಲದಲ್ಲಿ ಸೇನೆ ಮಾಡಿಟ್ಟುಹೋದ ಹಳೆಯ ಜಾಡುಗಳಲ್ಲೇ ನಡಿಗೆಯ ವೇಗಕ್ಕಿಂತ ತುಸು ಹೆಚ್ಚಿಗೆ ಹೋಗುತ್ತದೆ. ಟಂಡ್ರಾದಲ್ಲಿ ಒಂದು ಚಕ್ರದ ಗಾಯ ಮಾಯಲು ದಶಕಗಳೇ ಬೇಕು. ಶೌಚಾಲಯ, ಹೀಟರ್, ಮಧ್ಯಾಹ್ನದ ಸೂಪು ಎಲ್ಲ ಒಳಗೇ. ಸಂಜೆಯ ತನಕ ಯಾರೂ ಕೆಳಗಿಳಿಯುವಂತಿಲ್ಲ.

ಕರಡಿ ಹುಡುಕುವಾಗ ಬಿಳಿಯನ್ನು ಹುಡುಕಬೇಡಿ. ಹೊಸ ಹಿಮದ ಪಕ್ಕದಲ್ಲಿ ಅದು ಬೆಣ್ಣೆಯ ಬಣ್ಣ, ಕೆಲವೊಮ್ಮೆ ಕೊಳೆ ಹಳದಿ. ಕುಳ್ಳ ವಿಲೋ ಪೊದೆಗಳ ಗಾಳಿಮರೆಯಲ್ಲೋ ದಡದ ಕಡಲಪಾಚಿಯ ರಾಶಿಯ ಮೇಲೋ ಮಲಗಿರುತ್ತದೆ, ಯಾಕೆಂದರೆ ಉಪವಾಸದಲ್ಲಿರುವ ಪ್ರಾಣಿಗೆ ಮಲಗುವುದೇ ಉಳಿತಾಯ. 10 ಪಟ್ಟು ಹಿಗ್ಗಿಸುವ ಬೈನಾಕ್ಯುಲರ್ ಸಾಕು. ಚಾಲಕ ಎಂಜಿನ್ ನಿಲ್ಲಿಸಿದ ಮೇಲೆ ಮಾತು ಪಿಸುಮಾತಾಗಬೇಕು. ಕರಡಿ ಮೂಗೆತ್ತಿ ಗಾಳಿ ಹಿಡಿಯುತ್ತ ಬಂದರೆ ಅದು ಕುತೂಹಲ. ಮೇಲಿಂದ ಮೇಲೆ ಆಕಳಿಸಿದರೆ, ಜೊಲ್ಲು ಸುರಿಸಿದರೆ, ಬುಸುಗುಟ್ಟಿದರೆ ಅದು ಕಿರಿಕಿರಿ. ಒಳ್ಳೆಯ ಗೈಡ್ ಆಗ ಗಾಡಿಯನ್ನು ಮೆಲ್ಲಗೆ ಹಿಂದಕ್ಕೆ ಒಯ್ಯುತ್ತಾನೆ. ಹಿಂಬದಿಯ ತೆರೆದ ಜಗುಲಿಯ ನೆಲ ಕಬ್ಬಿಣದ ಜಾಲರಿ. ಅದರಡಿಗೆ ಕರಡಿ ಬಂದು ನಿಂತರೆ ಕಪ್ಪು ಮೂಗು ಜಾಲರಿಗೆ ಒತ್ತಿಕೊಳ್ಳುತ್ತದೆ, ಉಸಿರಿನ ಆವಿ ನಿಮ್ಮ ಬೂಟಿನ ಸುತ್ತ ಏಳುತ್ತದೆ. ಬಾಗಿ ಬೆರಳು ತೂರಿಸುವ ಆಸೆ ಹುಟ್ಟುವುದು ಆಗಲೇ. ಕೈ ಕಟ್ಟಿ ನಿಲ್ಲಿ.

ತಿಂಡಿಯ ಚೂರೂ ಹೊರಗೆ ಬೀಳಕೂಡದು. ನಮ್ಮ ದರೋಜಿಯಲ್ಲಿ ಬಂಡೆಗಳಿಗೆ ಬೆಲ್ಲದ ಪಾಕ ಸವರಿ ಕರಡಿಗಳನ್ನು ಕರೆಸುವುದನ್ನು ನೋಡಿದವರಿಗೆ ಇದು ಅತಿ ಅನ್ನಿಸಬಹುದು. ಆದರೆ ಇಲ್ಲಿ ಕರಡಿ ಓಡಾಡುವ ಜಾಗದಲ್ಲೇ ಊರಿದೆ, ಶಾಲೆ ಇದೆ. ಮನುಷ್ಯ ಎಂದರೆ ಊಟ ಎಂದು ಕಲಿತ ಕರಡಿ ಕೊನೆಗೆ ಗುಂಡಿಗೆ ಬಲಿಯಾಗುತ್ತದೆ.

ಛಾಯಾಗ್ರಾಹಕರು ಮಾಡುವ ದೊಡ್ಡ ತಪ್ಪು, ಬೆಚ್ಚನೆಯ ಒಳಗೆ ಕೂತು ಕಿಟಕಿ ಇಳಿಸಿ ಚಿತ್ರ ತೆಗೆಯುವುದು. ಒಳಗಿನ ಬಿಸಿಗಾಳಿ ಲೆನ್ಸಿನ ಮುಂದೆಯೇ ಹೊರನುಗ್ಗಿ ಬೇಸಿಗೆಯ ಡಾಂಬರು ರಸ್ತೆಯ ಮೇಲಿನಂತೆ ಅಲೆಯಾಡುತ್ತದೆ, ಸಾವಿರ ತೆಗೆದರೂ ಒಂದೂ ಚುರುಕಾಗಿ ಬರುವುದಿಲ್ಲ. ಜಗುಲಿಗೆ ಹೋಗಿ. ಹಿಮವನ್ನು ಕ್ಯಾಮೆರಾ ಬೂದು ಮಾಡುತ್ತದೆ, ಎಕ್ಸ್‌ಪೋಶರನ್ನು ಒಂದು ಸ್ಟಾಪ್ ಏರಿಸಿ. ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗಿಕೊಂಡಿರಲಿ. ಸತ್ತಂತೆ ಕಂಡ ಬ್ಯಾಟರಿಯೂ ಬೆಚ್ಚಗಾದರೆ ಮತ್ತೆ ಸ್ವಲ್ಪ ಹೊತ್ತು ನಡೆಯುತ್ತದೆ. ಒಳಗೆ ಬರುವ ಮೊದಲು, ಹೊರಗಿನ ಚಳಿಯಲ್ಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿಯಿರಿ. ಆಗ ತೇವ ಚೀಲದ ಮೇಲೆ ಕೂರುತ್ತದೆ, ಲೆನ್ಸಿನೊಳಗಲ್ಲ. ಮೈನಸ್ 15ರಲ್ಲಿ 40 ಕಿ.ಮೀ. ಗಾಳಿ ಬೀಸಿದರೆ ಬರಿ ಚರ್ಮಕ್ಕೆ ಅದು ಮೈನಸ್ 27. ಜೀನ್ಸ್ ಬೇಡ, ಹತ್ತಿ ಒದ್ದೆಯಾದರೆ ಒಣಗುವುದಿಲ್ಲ. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಮೊದಲು ಮರಗಟ್ಟುತ್ತದೆ. ಬಿರುಗಾಳಿಗೆ ವಿಮಾನ ನಿಲ್ಲುವುದು ಮಾಮೂಲು, ವಿನ್ನಿಪೆಗ್‌ನಲ್ಲಿ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಉತ್ತರದ ಬೆಳಕಿನ ಆಸೆ ಇಟ್ಟುಕೊಳ್ಳಬೇಡಿ, ನವೆಂಬರ್ ಎಂದರೆ ಮೋಡ.

ಗಾಡಿಯಲ್ಲಿ ಯಾರಾದರೊಬ್ಬರು ಹೇಳಿಯೇ ಹೇಳುವ ಒಂದು ಮಾತಿದೆ: ಕರಡಿಯ ಟೊಳ್ಳು ಕೂದಲು ಆಪ್ಟಿಕಲ್ ಫೈಬರಿನಂತೆ ಬಿಸಿಲನ್ನು ಕಪ್ಪು ಚರ್ಮಕ್ಕೆ ಸಾಗಿಸುತ್ತದಂತೆ. ಕೂದಲು ಟೊಳ್ಳು, ಅದಕ್ಕೆ ಬಣ್ಣವಿಲ್ಲ, ಚರ್ಮ ಕಪ್ಪು, ಇವು ಮೂರೂ ಸತ್ಯ. ಉಳಿದದ್ದು ಬೊಗಳೆ. 1970ರ ದಶಕದಲ್ಲಿ ನೇರಳಾತೀತ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಕರಡಿ ಕಪ್ಪಾಗಿ ಕಂಡಿತು. ಆ ಬೆಳಕೆಲ್ಲ ಚರ್ಮಕ್ಕೆ ಹೋಗುತ್ತಿರಬೇಕು ಎಂಬ ಊಹೆ ಹಬ್ಬಿತು. 1998ರಲ್ಲಿ ಡೇನಿಯಲ್ ಕೂನ್ ಎಂಬ ಭೌತವಿಜ್ಞಾನಿ ಕೂದಲಿನೊಳಗೆ ಬೆಳಕು ಹಾಯಿಸಿ ಅಳೆದೇಬಿಟ್ಟ. ಕೂದಲಿನ ಕೆರಾಟಿನ್ ಎಂಬ ಪ್ರೋಟೀನೇ ನೇರಳಾತೀತವನ್ನು ನುಂಗುತ್ತದೆ, ಬುಡಕ್ಕೆ ತಲುಪುವುದು ಇಲ್ಲವೆನ್ನುವಷ್ಟು. ಕಪ್ಪಾಗಿ ಕಂಡದ್ದಕ್ಕೆ ಕಾರಣವೂ ಅದೇ. ಟೊಳ್ಳಿನಿಂದ ಆಗುವ ಮೋಜು ಬೇರೆ ಇದೆ: 1970ರ ದಶಕದ ಕೊನೆಗೆ ಸ್ಯಾನ್ ಡಿಯಾಗೋ ಮೃಗಾಲಯದ ಕರಡಿಗಳ ಕೂದಲೊಳಗೆ ಪಾಚಿ ಬೆಳೆದು ಅವು ಹಸಿರಾಗಿದ್ದವು. ಕಲಿತವರೇ ಹೀಗೆ ದಂತಕಥೆ ಹಂಚುವಾಗ, ಕರಡಿ ಕೂದಲಿನ ತಾಯತ ಕಟ್ಟಿಸಿಕೊಳ್ಳುವವರನ್ನಷ್ಟೇ ಮೂಢರೆನ್ನಲು ಬಾಯಿ ಬರುವುದಿಲ್ಲ.

ಊರೊಳಗೆ ನುಗ್ಗುವ ಕರಡಿಗಳಿಗೆ ಇಲ್ಲಿ ‘ಜೈಲು’ ಇದೆ. ಹಳೆಯ ಸೇನಾ ಕಟ್ಟಡದಲ್ಲಿ 28 ಕೋಣೆ. ಸೀಲ್ ಮಾಂಸ ಕಟ್ಟಿದ ದಪ್ಪ ಕೊಳವೆಯ ಬೋನಿನಲ್ಲಿ ಹಿಡಿದು ತಂದು ಸುಮಾರು ಒಂದು ತಿಂಗಳು ಇಡುತ್ತಾರೆ. ನೀರುಂಟು, ಊಟವಿಲ್ಲ. ಇದು ಕ್ರೌರ್ಯವಲ್ಲ, ಹೊರಗಿದ್ದರೂ ಅದು ಉಪವಾಸವೇ, ಒಳಗೆ ಊಟ ಹಾಕಿದರೆ ಮುಂದಿನ ವರ್ಷ ತಾನಾಗಿ ಬಂದು ಬಾಗಿಲು ತಟ್ಟುತ್ತದೆ. ಊರಿನ ಮನೆ, ಕಾರುಗಳಿಗೆ ಜನ ಬೀಗ ಹಾಕುವುದಿಲ್ಲ, ಅಟ್ಟಿಸಿಕೊಂಡು ಬಂದವರು ಒಳಗೆ ಹೊಕ್ಕಲಿ ಎಂದು. ಅಕ್ಟೋಬರ್ 31ರ ಹ್ಯಾಲೋವೀನ್ ರಾತ್ರಿ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗುವಾಗ ಊರ ಸುತ್ತ ಕಾವಲು ವಾಹನಗಳು ನಿಲ್ಲುತ್ತವೆ. ಬಿಳಿ ವೇಷ ಮಾತ್ರ ಬೇಡವೆಂದು ಮಕ್ಕಳಿಗೆ ಮೊದಲೇ ಹೇಳಿರುತ್ತಾರೆ.

ಬೇಸಿಗೆಯಲ್ಲಿ ಕರಡಿ ಹಣ್ಣು ಹುಲ್ಲು ತಿಂದು ಹೊಂದಿಕೊಳ್ಳುತ್ತದೆ ಎಂಬ ಸಮಾಧಾನದ ಮಾತೂ ನಿಲ್ಲುವುದಿಲ್ಲ. ಇದೇ ತೀರದಲ್ಲಿ 20 ಕರಡಿಗಳಿಗೆ ಕ್ಯಾಮೆರಾ ಕೊರಳಪಟ್ಟಿ ಕಟ್ಟಿ ನೋಡಿದ, 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 19 ಕರಡಿಗಳು ತೂಕ ಕಳೆದುಕೊಂಡವು, ಸರಾಸರಿ ದಿನಕ್ಕೊಂದು ಕಿಲೋ. ಮಂಜಿಲ್ಲದ ಕಾಲ ಒಂದು ವಾರ ಹಿಗ್ಗಿದರೆ ಏಳು ಕಿಲೋ ಎಂದು ಲೆಕ್ಕ ಹಾಕಿ. 1980ರ ದಶಕದಿಂದೀಚೆಗೆ ಅದು ಸುಮಾರು ಮೂರು ವಾರ ಹಿಗ್ಗಿದೆ. ಪಶ್ಚಿಮ ಹಡ್ಸನ್ ಕೊಲ್ಲಿಯ ಕರಡಿಗಳ ಅಂದಾಜು 2016ರಲ್ಲಿ 842 ಇದ್ದದ್ದು 2021ರ ಗಣತಿಯಲ್ಲಿ 618.

ನವೆಂಬರಿನ ಒಂದು ರಾತ್ರಿ ಗಾಳಿ ವಾಯವ್ಯಕ್ಕೆ ತಿರುಗುತ್ತದೆ. ನೀರಿನ ಮೇಲೆ ಮೊದಲು ಎಣ್ಣೆಯಂಥ ಮಬ್ಬು ಪದರ, ಆಮೇಲೆ ಅಂಚು ಮಡಿಚಿದ ದೋಸೆಗಳಂಥ ತುಂಡುಗಳು, ಅವು ಒಂದಕ್ಕೊಂದು ಅಂಟಿ ಹಾಳೆ. ಕರಡಿ ನಾಲ್ಕೂ ಕಾಲು ಅಗಲಿಸಿ, ಹೊಟ್ಟೆ ತಗ್ಗಿಸಿ ತೆಳು ಮಂಜನ್ನು ಪರೀಕ್ಷಿಸುತ್ತ ಮುಂದೆ ಸರಿಯುತ್ತದೆ. ಎರಡು ಮೂರು ದಿನದಲ್ಲಿ ದಡ ಖಾಲಿ. ಆ ವಾರಕ್ಕೆ ಟಿಕೆಟ್ ಕಾದಿರಿಸಿದವರು ನರಿ ನೋಡಿ ಬರುತ್ತಾರೆ. ಗಬ್ಬದ ಹೆಣ್ಣುಗಳು ಮಾತ್ರ ಹೋಗುವುದಿಲ್ಲ. ಊರಿನ ದಕ್ಷಿಣಕ್ಕಿರುವ ವಾಪುಸ್ಕ್ ರಾಷ್ಟ್ರೀಯ ಉದ್ಯಾನದ ಜೌಗುಮಣ್ಣಿನ ದಂಡೆಗಳಲ್ಲಿ ತೋಡಿದ ಗುಹೆಗಳಲ್ಲಿ, ಜುಲೈಯಿಂದ ಹೆಚ್ಚೇನೂ ತಿನ್ನದೆ, ಮುಕ್ಕಾಲು ಕಿಲೋ ಕೂಡ ತೂಗದ ಮರಿಗಳನ್ನು ಹಾಕಲು ಮಲಗಿರುತ್ತವೆ. ಅವು ಹೊರಬಂದು ಮಂಜಿನತ್ತ ನಡೆಯುವುದು ಫೆಬ್ರುವರಿ, ಮಾರ್ಚ್‌ನಲ್ಲಿ.