ಅರವಳಿಕೆ ಡಾಕ್ಟರು ಭಾನುವಾರ ಏನು ಕಲಿಯುತ್ತಾರೆ?

ಹಸುಗೂಸಿಗೆ ನೋವು ಗೊತ್ತಾಗುತ್ತಾ? ಇದೆಂಥ ಪ್ರಶ್ನೆ ಅಂತೀರಿ. ಲಸಿಕೆ ಹಾಕಿಸುವಾಗ ಮಗು ಕಿರುಚಿದ್ದನ್ನು ನೋಡಿದ ಯಾವ ತಾಯಿಗೂ ಇದರಲ್ಲಿ ಅನುಮಾನ ಇರಲ್ಲ. ಆದರೆ 1980ರ ದಶಕದವರೆಗೂ ದೊಡ್ಡ ದೊಡ್ಡ ದೇಶಗಳ ಆಸ್ಪತ್ರೆಗಳಲ್ಲೇ ಎಷ್ಟೋ ಡಾಕ್ಟರು 'ಎಳೆ ಕೂಸಿನ ನರಗಳು ಇನ್ನೂ ಬಲಿತಿರಲ್ಲ, ಅದಕ್ಕೆ ನೋವು ತಿಳಿಯಲ್ಲ' ಅಂತಲೇ ನಂಬಿದ್ದರು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಹೃದಯದ ಪಕ್ಕದ ರಕ್ತನಾಳ ಕಟ್ಟುವ ಆಪರೇಷನ್ ಇರುತ್ತದೆ. ಮೈ ಅಲುಗಾಡದಂತೆ ಸ್ನಾಯು ಸಡಿಲಿಸುವ ಔಷಧ, ಜೊತೆಗೆ ನೈಟ್ರಸ್ ಆಕ್ಸೈಡ್ ಅನ್ನೋ ಹಗುರ ಮತ್ತಿನ ಅನಿಲ ಸ್ವಲ್ಪ ಕೊಟ್ಟು ಅದನ್ನು ಮಾಡಿ ಮುಗಿಸುತ್ತಿದ್ದರು. ಕೂಸು ಅಳುತ್ತಿರಲಿಲ್ಲ, ಯಾಕೆಂದರೆ ಅಳಲು ಬೇಕಾದ ಸ್ನಾಯುಗಳೇ ಕೆಲಸ ಮಾಡುತ್ತಿರಲಿಲ್ಲ.

1987ರಲ್ಲಿ ಇದು ತಿರುಗಿತು. ಆಕ್ಸ್‌ಫರ್ಡ್‌ನಲ್ಲಿದ್ದ ಭಾರತೀಯ ಮೂಲದ ಡಾ. ಕೆ.ಜೆ.ಎಸ್. ಆನಂದ್ ಮತ್ತು ಜೊತೆಗಾರರು ಇಂಥ ಕೆಲವು ಮಕ್ಕಳಿಗೆ ಫೆಂಟನಿಲ್ ಅನ್ನುವ ಬಲವಾದ ನೋವಿನ ಔಷಧವನ್ನೂ ಸೇರಿಸಿ ಕೊಟ್ಟರು, ಕೆಲವರಿಗೆ ಹಳೆಯ ಪದ್ಧತಿಯಲ್ಲೇ ಮಾಡಿದರು, ಆಮೇಲೆ ರಕ್ತ ಪರೀಕ್ಷೆ ಮಾಡಿ ನೋಡಿದರು. ಫೆಂಟನಿಲ್ ಸಿಕ್ಕ ಮಕ್ಕಳ ರಕ್ತದಲ್ಲಿ ಒತ್ತಡದ ಹಾರ್ಮೋನುಗಳು ಕಡಿಮೆ ಇದ್ದವು. ಆಪರೇಷನ್ ನಂತರದ ತೊಂದರೆಗಳೂ ಕಡಿಮೆ. ಅಂದರೆ ನೋವು ತಡೆಯುವುದು ಕರುಣೆಯ ಮಾತಷ್ಟೇ ಅಲ್ಲ, ಕೂಸು ಚೇತರಿಸಿಕೊಳ್ಳೋದಕ್ಕೂ ಅದು ಬೇಕು.

ಹಳೆಯ ಡಾಕ್ಟರು ಕಲ್ಲೆದೆಯವರಾಗಿರಲಿಲ್ಲ. ಕಾಲೇಜಿನಲ್ಲಿ ಹೇಳಿಕೊಟ್ಟಿದ್ದನ್ನೇ ಮಾಡುತ್ತಿದ್ದರು, ಅಷ್ಟೇ. 1970ರಲ್ಲಿ ಪಾಸಾಗಿ ಊರಿಗೆ ಬಂದು ಆಸ್ಪತ್ರೆ ಸೇರಿದವರಿಗೆ 1987ರ ಸುದ್ದಿ ತಲುಪುವುದು ಹೇಗೆ? ಇದಕ್ಕೆ ಇರುವ ದಾರಿಯೇ ಸಿ.ಎಂ.ಇ., ಅಂದರೆ ನಿರಂತರ ವೈದ್ಯಕೀಯ ಶಿಕ್ಷಣ. ಡಾಕ್ಟರು ಐದು ವರ್ಷಕ್ಕೆ ಕನಿಷ್ಠ 30 ಗಂಟೆ ಇಂಥ ಕಲಿಕೆಯಲ್ಲಿ ಕೂರಬೇಕು ಅಂತ ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2002ರ ನಿಯಮಗಳಲ್ಲೇ ಹೇಳಿತ್ತು. ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ. 'ಡಾಕ್ಟರು ಇವತ್ತಿಲ್ರೀ, ಕಾನ್ಫರೆನ್ಸಿಗೆ ಹೋಗ್ಯಾರ' ಅಂತ ಕ್ಲಿನಿಕ್ಕಿನ ಹುಡುಗ ಹೇಳಿದಾಗ ನಾವು ಗೊಣಗಿಕೊಂಡು ವಾಪಸ್ ಬರುತ್ತೀವಿ. ಅಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾದರೆ ಗೊಣಗಾಟ ಕಡಿಮೆಯಾದೀತು.

ಉಪವಾಸದ ವಿಷಯ ತಗೊಳ್ಳಿ. ನಾಳೆ ಆಪರೇಷನ್ ಇದ್ದರೆ ಇವತ್ತು ಮಧ್ಯರಾತ್ರಿಯಿಂದ ನೀರೂ ಮುಟ್ಟಬಾರದು, ಇದು ನಮ್ಮ ಮನೆಮನೆಗೂ ಗೊತ್ತಿರುವ ನಿಯಮ. ಇದಕ್ಕೆ ಕಾರಣ ಇದೆ. ಅರವಳಿಕೆ, ಅಂದರೆ ಆಪರೇಷನ್ನಿಗೆ ಮುಂಚೆ ಎಚ್ಚರ ತಪ್ಪಿಸುವ ಔಷಧ, ಕೊಟ್ಟಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮೆಂಡೆಲ್ಸನ್ ಅನ್ನುವ ಅಮೆರಿಕದ ವೈದ್ಯರು 1946ರಲ್ಲಿ ಹೆರಿಗೆಯ ಅರವಳಿಕೆಯಲ್ಲಿ ಹೀಗಾದ 66 ಪ್ರಕರಣಗಳನ್ನು ಬರೆದಿಟ್ಟರು. ಆದರೆ ಹೊಟ್ಟೆಗೆ ಅನ್ನವೂ ನೀರೂ ಒಂದೇ ಅಲ್ಲ. ನೀರು ಬೇಗ ಕರುಳಿಗೆ ಇಳಿದುಹೋಗುತ್ತದೆ. ಇದನ್ನು ಅಳೆದು ನೋಡಿದ ಮೇಲೆ 1999ರಲ್ಲಿ ಅಮೆರಿಕದ ಅರವಳಿಕೆ ತಜ್ಞರ ಸಂಘ ನಿಯಮ ಬದಲಿಸಿತು. ಬೇರೆ ತೊಂದರೆ ಇಲ್ಲದವರಿಗೆ ನೀರು, ಹಾಲಿಲ್ಲದ ಚಹಾದಂಥ ತಿಳಿಯಾದ ಪಾನೀಯ ಎರಡು ಗಂಟೆ ಮೊದಲಿನವರೆಗೂ ನಡೆಯುತ್ತದೆ. ತಾಯಿಯ ಹಾಲಿಗೆ ನಾಲ್ಕು ಗಂಟೆ. ಹಗುರ ಊಟಕ್ಕೆ, ಬೇರೆ ಹಾಲಿಗೆ ಆರು ಗಂಟೆ. ಎಣ್ಣೆ ಪದಾರ್ಥ, ಮಾಂಸ ತಿಂದಿದ್ದರೆ ಎಂಟು ಗಂಟೆ ಅಥವಾ ಜಾಸ್ತಿ. ಹಾಲು ಹಾಕಿದ ಚಹಾ ತಿಳಿಯಾದ ಪಾನೀಯ ಅಲ್ಲ, ಮಜ್ಜಿಗೆಯೂ ಅಲ್ಲ. ಎಷ್ಟೋ ಮಂದಿ ಇಲ್ಲೇ ಎಡವುತ್ತಾರೆ.

ಈಗ ವಿಜಯಪುರದ ಏಪ್ರಿಲ್ ತಿಂಗಳು ನೆನೆಸಿಕೊಳ್ಳಿ. ನಾಲ್ಕು ವರ್ಷದ ಮಗುವಿನ ಹರ್ನಿಯಾ ಆಪರೇಷನ್. ಬೆಳಗ್ಗೆ ಎಂಟಕ್ಕೆ ಅಂದದ್ದು ಮಧ್ಯೆ ಎಮರ್ಜೆನ್ಸಿ ಬಂದು ಒಂದು ಗಂಟೆಗೆ ಹೋಗುತ್ತದೆ. ಮಗುವಿನ ತುಟಿ ಒಣಗಿ ಬಿರುಕು ಬಿಟ್ಟಿದೆ, ಅತ್ತು ಅತ್ತು ಸುಸ್ತಾಗಿದೆ, ಅಜ್ಜಿ ಸೆರಗು ಒದ್ದೆ ಮಾಡಿ ತುಟಿ ಒರೆಸುತ್ತಿದ್ದಾಳೆ. ಹೊಸ ನಿಯಮ ಗೊತ್ತಿರುವ ಡಾಕ್ಟರು ಸಿಸ್ಟರಿಗೆ ಹೇಳಿ ಹತ್ತೂವರೆಗೆ ಆ ಮಗುವಿಗೆ ನೀರು ಕುಡಿಸುತ್ತಾರೆ. ಗೊತ್ತಿಲ್ಲದವರು ಕುಡಿಸಲ್ಲ. ಹಾಗಂತ ನೀವೇ ಲೆಕ್ಕ ಹಾಕಿ ಮನೆಯಲ್ಲಿ ಕುಡಿಸಬೇಡಿ, ಕೇಳಿಯೇ ಕುಡಿಸಿ. ಸಕ್ಕರೆ ಕಾಯಿಲೆ, ಬಸಿರು, ಹೊಟ್ಟೆಯ ತೊಂದರೆ ಇದ್ದವರಿಗೆ ಲೆಕ್ಕ ಬೇರೆ.

ಕಲಿಯಬೇಕಾದದ್ದೆಲ್ಲ ಹೊರದೇಶದಿಂದಲೇ ಬರುತ್ತದೆ ಅಂತಲ್ಲ. ನಮ್ಮ ನೆಲದ್ದೇ ಪಾಠಗಳಿವೆ. ಆಪರೇಷನ್ ಮುಂಚೆ ಅರವಳಿಕೆ ಡಾಕ್ಟರು 'ಬಾಯಿ ದೊಡ್ಡದಾಗಿ ತೆಗೀರಿ, ನಾಲಿಗೆ ಚಾಚ್ರಿ' ಅಂತಾರಲ್ಲ, ಅದು ಸುಮ್ನೆ ಅಲ್ಲ. ಕಿರುನಾಲಿಗೆ ಎಷ್ಟು ಕಾಣುತ್ತದೆ ಅಂತ ನೋಡಿ, ಗಂಟಲಿಗೆ ಉಸಿರಿನ ಕೊಳವೆ ಹಾಕೋದು ಕಷ್ಟವಾದೀತಾ ಅಂತ ಅಂದಾಜು ಮಾಡುತ್ತಾರೆ. 1985ರಲ್ಲಿ ಈ ಪರೀಕ್ಷೆಯನ್ನು ಬರೆದು ಪ್ರಕಟಿಸಿದವರು ನಮ್ಮ ಪಕ್ಕದ ಆಂಧ್ರ ಮೂಲದ ಡಾ. ಶೇಷಗಿರಿ ರಾವ್ ಮಲ್ಲಂಪಟಿ. ಇವತ್ತು ಜಗತ್ತಿನ ಎಲ್ಲ ಕಡೆ ಅವರ ಹೆಸರಿನಲ್ಲೇ ಇದನ್ನು ಮಾಡುತ್ತಾರೆ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ, ಗುಟ್ಕಾ. ವರ್ಷಗಟ್ಟಲೆ ಅಡಿಕೆ, ಗುಟ್ಕಾ ಜಗಿದವರ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟ ಆಗುತ್ತದೆ. ಮೂರು ಬೆರಳು ಹಿಡಿಸಬೇಕಾದ ಬಾಯಲ್ಲಿ ಒಂದು ಬೆರಳು ಹೋಗಲ್ಲ. ಇಂಥವರಿಗೆ ಮಾಮೂಲಿ ಉಪಕರಣದಿಂದ ಕೊಳವೆ ಹಾಕೋಕೆ ಆಗಲ್ಲ. ರೋಗಿ ಎಚ್ಚರ ಇರುವಾಗಲೇ ಮೂಗಿನ ಮೂಲಕ ತೆಳ್ಳಗಿನ ಕ್ಯಾಮೆರಾ ಇಳಿಸಿ, ಅದರ ಮೇಲೆ ಕೊಳವೆ ಜಾರಿಸಬೇಕಾಗುತ್ತದೆ. ಪುಸ್ತಕ ಓದಿ ಬರುವ ವಿದ್ಯೆ ಅಲ್ಲ ಇದು, ಕೈ ಪಳಗಬೇಕು.

ಇನ್ನೊಂದು, ಹೊಲದ ಎಣ್ಣಿ. ತೊಗರಿ, ಹತ್ತಿಗೆ ಹೊಡೆಯುವ ಕೀಟನಾಶಕಗಳಲ್ಲಿ ಆರ್ಗನೋಫಾಸ್ಫರಸ್ ಅನ್ನೋ ಗುಂಪು ಇದೆ. ಇದು ನಮ್ಮ ರಕ್ತದಲ್ಲಿರುವ ಕೋಲಿನೆಸ್ಟರೇಸ್ ಅನ್ನುವ ಕಿಣ್ವವನ್ನು ಕಟ್ಟಿಹಾಕುತ್ತದೆ. ತುರ್ತಾಗಿ ಉಸಿರಿನ ಕೊಳವೆ ಹಾಕುವಾಗ ಕೊಡುವ ಸಕ್ಸಿನೈಲ್‌ಕೋಲಿನ್ ಅನ್ನೋ ಸ್ನಾಯು ಸಡಿಲಿಸುವ ಔಷಧವನ್ನು ಕರಗಿಸುವುದೂ ಅದೇ ಕಿಣ್ವ. ಸಾಮಾನ್ಯವಾಗಿ ಆ ಔಷಧ ಹತ್ತು ನಿಮಿಷದೊಳಗೆ ಇಳಿದುಹೋಗುತ್ತದೆ. ಕಿಣ್ವ ಇಲ್ಲದಿದ್ದರೆ ಗಂಟೆಗಟ್ಟಲೆ ಇಳಿಯಲ್ಲ. ರೋಗಿ ಉಸಿರಾಡೋಕೆ ಆಗದೆ ವೆಂಟಿಲೇಟರ್ ಮೇಲೆ ಕಾಯಬೇಕು. ಅದಕ್ಕೇ ಇಲ್ಲಿನ ಅರವಳಿಕೆ ಡಾಕ್ಟರು 'ಕಾಕಾ, ಎಣ್ಣಿ ಹೊಡೀತೀರೇನ್ರಿ? ಯಾವಾಗ ಹೊಡೆದದ್ದು?' ಅಂತ ಕೇಳೋದನ್ನು ರೂಢಿ ಮಾಡಿಕೊಳ್ಳಬೇಕು. ಕೇಳಿದರೆ ಮುಚ್ಚಿಡದೆ ಹೇಳಿ.

ನೋವಿನ ವಿಷಯಕ್ಕೆ ಬಂದರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ. ಗುಟ್ಕಾ, ತಂಬಾಕಿನ ಬಾಯಿ ಮುಂದೆ ಕ್ಯಾನ್ಸರ್ ಆದಾಗ ಬರುವ ನೋವು ಮಾಮೂಲಿ ಮಾತ್ರೆಗೆ ಬಗ್ಗುವುದಲ್ಲ. ಬಾಯಿಯ ಮೂಲಕ ಮಾರ್ಫಿನ್ ಕೊಟ್ಟು ಇಂಥ ನೋವನ್ನು ಹತೋಟಿಗೆ ತರಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಹೇಳಿತು. ಆದರೆ ನಮ್ಮಲ್ಲಿ 1985ರ ಮಾದಕ ವಸ್ತು ಕಾಯ್ದೆಯ ಲೈಸೆನ್ಸುಗಳ ಗೋಜಲಿನಲ್ಲಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಡಾಕ್ಟರ ಒಂದು ತಲೆಮಾರೇ ಅದನ್ನು ಬರೆದುಕೊಡಲು ಕಲಿಯದೆ ಬೆಳೆಯಿತು. 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂದು ದಾರಿ ಸುಲಭವಾಯಿತು. ಕಾಯ್ದೆ ಬದಲಾದರೂ 'ಚಟ ಹತ್ತುತ್ತದೆ' ಅನ್ನೋ ಭಯ ಡಾಕ್ಟರಲ್ಲೂ ಇದೆ, ಮನೆಯವರಲ್ಲೂ ಇದೆ. ಎಷ್ಟು ಕೊಡಬೇಕು, ಹೇಗೆ ಏರಿಸಬೇಕು, ಜೊತೆಗೆ ಮಲಬದ್ಧತೆಗೆ ಏನು ಕೊಡಬೇಕು ಅಂತ ಗೊತ್ತಿರುವವರ ಕೈಯಲ್ಲಿ ಅದು ಭಯಪಡುವ ಔಷಧ ಅಲ್ಲ. ನಮ್ಮ ಭಾಗದ ಸಿ.ಎಂ.ಇ.ಗಳಲ್ಲಿ ಹೊಸ ಹೊಸ ಯಂತ್ರಗಳಿಗಿಂತ ಇದಕ್ಕೆ ಜಾಸ್ತಿ ಸಮಯ ಸಿಗಬೇಕು ಅನ್ನೋದು ನನ್ನ ಅಭಿಪ್ರಾಯ.

ಹೇಗೆ ಕಲಿಸುತ್ತಾರೆ ಅನ್ನೋದೂ ಮುಖ್ಯ. 1999ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಒಂದು ಪರಿಶೀಲನೆ, ಬರೀ ಭಾಷಣ ಕೇಳಿದ ಡಾಕ್ಟರ ಕೆಲಸದ ರೀತಿ ಬದಲಾಗುವುದಿಲ್ಲ, ಕೈಯಾರೆ ಮಾಡಿ, ಚರ್ಚಿಸಿ ಕಲಿತಾಗ ಬದಲಾಗುತ್ತದೆ ಅಂತ ತೋರಿಸಿತು. ಕತ್ತಲೆ ಮಾಡಿದ ಹಾಲ್, ಒಂದರ ಹಿಂದೆ ಒಂದು ಸ್ಲೈಡ್, ಮಧ್ಯಾಹ್ನ ಊಟ, ಸರ್ಟಿಫಿಕೇಟ್. ಇದರಲ್ಲಿ ಗಂಟೆ ಲೆಕ್ಕ ತುಂಬುತ್ತದೆ, ಅಷ್ಟೇ.

ಅಣಕು ಅಭ್ಯಾಸ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ. ಮೇಜಿನ ಮೇಲೆ ರಬ್ಬರಿನ ರೋಗಿ. ಭುಜದ ನರಗಳಿಗೆ ಬ್ಯುಪಿವಕೇನ್ ಅನ್ನೋ ಮರಗಟ್ಟಿಸುವ ಔಷಧ ಕೊಟ್ಟಾಗಿದೆ. ರೋಗಿಯ ಪರವಾಗಿ ಮಾತಾಡುವ ತರಬೇತುದಾರರು 'ಬಾಯಲ್ಲಿ ಕಬ್ಬಿಣದ ರುಚಿ ಬಂದಂಗ ಆಗಾಕತ್ತೈತ್ರಿ, ಕಿವಿ ಗುಂಯ್ ಅನ್ನಾಕತ್ತೈತಿ' ಅಂತಾರೆ. ಔಷಧ ರಕ್ತಕ್ಕೆ ಸೇರಿದೆ ಅನ್ನುವುದಕ್ಕೆ ಇದು ಮೊದಲ ಸೂಚನೆ. ಮುಂದೆ ಫಿಟ್ಸ್, ಆಮೇಲೆ ಹೃದಯ ನಿಲ್ಲಬಹುದು. ಇದಕ್ಕೆ ಮದ್ದು ಶೇ. 20ರ ಕೊಬ್ಬಿನ ದ್ರಾವಣ. ಊಟ ಮಾಡಲಾಗದ ರೋಗಿಗಳಿಗೆ ಪೌಷ್ಟಿಕಾಂಶವಾಗಿ ರಕ್ತನಾಳಕ್ಕೆ ಏರಿಸುವ ಅದೇ ಬಿಳಿ ಬಾಟಲಿ. ಇಲಿಗಳಲ್ಲಿ ಇದು ಕೆಲಸ ಮಾಡುತ್ತದೆ ಅಂತ 1998ರಲ್ಲಿ ಗೊತ್ತಾಯಿತು, ಮನುಷ್ಯರ ಜೀವ ಉಳಿಸಿದ ವರದಿ 2006ರಲ್ಲಿ ಬಂತು. ಅದಕ್ಕಿಂತ ಮುಂಚೆ ಓದಿದವರ ಪುಸ್ತಕದಲ್ಲಿ ಇದು ಇರಲೇ ಇಲ್ಲ. ಅಭ್ಯಾಸದಲ್ಲಿ ಡಾಕ್ಟರಿಗೆ ಉತ್ತರ ಗೊತ್ತಿರುತ್ತದೆ, 'ಕೊಬ್ಬಿನ ದ್ರಾವಣ ತಗೊಂಡು ಬನ್ನಿ' ಅಂತಾರೆ. ಬಾಟಲಿ ಎಲ್ಲಿದೆ? ಐ.ಸಿ.ಯು. ಕಪಾಟಿನಲ್ಲಿ. ಬೀಗದ ಕೈ? ಊಟಕ್ಕೆ ಹೋದ ಸಿಸ್ಟರ್ ಹತ್ತಿರ. ಇಂಥದ್ದು ಯಾವ ಸ್ಲೈಡಿನಲ್ಲೂ ಕಾಣಲ್ಲ.

ಇಷ್ಟೆಲ್ಲ ಬೇಕಾಗಿರುವುದು ತಾಲೂಕು ಆಸ್ಪತ್ರೆಗಳಿಗೆ. ಆದರೆ ತೊಡಕು ಇರುವುದೂ ಅಲ್ಲೇ. ಅರವಳಿಕೆಗೆ ಒಬ್ಬರೇ ಡಾಕ್ಟರು ಇರುವ ಕಡೆ ಅವರು ಭಾನುವಾರ ಬೆಳಗಾವಿಗೆ ಹೋದರೆ ಅವತ್ತು ಸಿಸೇರಿಯನ್ ಬಂದ ಹೆಣ್ಣುಮಗಳ ಗತಿ ಏನು? ಹಾಗಾಗಿ ಅವರು ಹೋಗುವುದೇ ಇಲ್ಲ, ರಾತ್ರಿ ಮೊಬೈಲಿನಲ್ಲಿ ಆನ್‌ಲೈನ್ ಉಪನ್ಯಾಸ ಹಾಕಿಕೊಂಡು ಕೂರುತ್ತಾರೆ. ಅದರ ಬದಲು ಕಾಲೇಜೇ ಅವರ ಹತ್ತಿರ ಹೋಗಬಹುದಲ್ವಾ? ಒಂದು ಬೊಂಬೆ, ಒಂದು ಮಾನಿಟರ್, ಇಬ್ಬರು ಕಲಿಸುವವರನ್ನು ಜೀಪಿನಲ್ಲಿ ಕೂರಿಸಿ ಜಮಖಂಡಿಗೆ, ಅಥಣಿಗೆ, ಸಿಂದಗಿಗೆ ಕಳಿಸಿದರೆ ಅಭ್ಯಾಸ ಅವರದೇ ಥಿಯೇಟರಿನಲ್ಲಿ, ಅವರದೇ ಸಿಸ್ಟರು, ವಾರ್ಡ್ ಬಾಯ್ ಜೊತೆ, ಅವರದೇ ಕಪಾಟಿನ ಮುಂದೆ ನಡೆಯುತ್ತದೆ. ನಡುವೆ ನಿಜವಾದ ಸಿಸೇರಿಯನ್ ಬಂದರೆ ಬೊಂಬೆ ಪಕ್ಕಕ್ಕಿಟ್ಟು ಅದನ್ನು ಮಾಡಿ ಮುಗಿಸಿ ಮತ್ತೆ ಶುರು ಮಾಡಬಹುದು. ಆ ಹೊತ್ತನ್ನೂ 30 ಗಂಟೆಯ ಲೆಕ್ಕಕ್ಕೆ ಹಿಡಿಯಬೇಕು.