ಚಿಕ್ಕಮಗಳೂರಿನ ತಂಪಿಗೆ ಹಾಪ್ಸ್ ಬರುತ್ತಾ?

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನ ಹತ್ತಿರ ಕಾಫಿ ತೋಟದೊಳಗಿನ ಮನೆ. ಹಾಪ್ಸ್ ಗೆಡ್ಡೆ ತಂದು ನೆಡಬೇಕೆಂದು ಆಸೆ. ಇಲ್ಲಿನ ತಂಪಿಗೆ ಬರುತ್ತದೆ ಅಲ್ವಾ?

ಬಳ್ಳಿ ಬರುತ್ತದೆ. ಹೂವಿನದ್ದೇ ಕಷ್ಟ. ಅಡ್ಡ ಬರುವುದು ಚಳಿಗಿಂತ ಹೆಚ್ಚಾಗಿ ಹಗಲಿನ ಉದ್ದ.

ಬಿಯರಿಗೆ ಕಹಿ, ಪರಿಮಳ ಕೊಡುವುದು ಹಾಪ್ಸ್‌ನ ಹೆಣ್ಣು ಹೂ. ಅದಕ್ಕೆ ಹೆಸರಾದ ಜರ್ಮನಿಯ ಹಾಲರ್ಟೌನಲ್ಲಿ ಜೂನ್ ತಿಂಗಳ ಹಗಲು ಸುಮಾರು 16 ಗಂಟೆ. ನಮ್ಮಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಗಲು ಉದ್ದವಿರುವಷ್ಟು ದಿನ ಹಾಪ್ಸ್ ಸುಮ್ನೆ ಮೇಲೇರುತ್ತದೆ, 15-20 ಅಡಿ. ಹಗಲು ಕುಗ್ಗಿದ ಮೇಲೆ ಹೂವಿನ ಕೆಲಸ. ನಮ್ಮೂರಿನಲ್ಲಿ ಚಿಗುರಿದ ದಿನದಿಂದಲೇ ಹಗಲು ಗಿಡ್ಡ. ಹಾಗಾಗಿ ಆಳೆತ್ತರ ಆಗುವ ಮೊದಲೇ ನಾಲ್ಕು ಹೂ ಬಿಟ್ಟು ಕೂತುಬಿಡುತ್ತದೆ.

ಸೇವಂತಿಗೆ ಬೆಳೆಯುವವರಿಗೆ ಈ ಗುಣ ಗೊತ್ತು. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೋದರೆ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುತ್ತಿರುತ್ತವೆ. ಗಿಡ ಬೆಳೆಯುವ ಮೊದಲೇ ಹೂ ಬಿಡದಿರಲಿ ಎಂದು. ಬ್ರೆಜಿಲ್‌ನ ಹಾಪ್ಸ್ ಬೆಳೆಗಾರರೂ ಇದನ್ನೇ ಮಾಡುತ್ತಾರೆ. ನೀವೂ ಬಳ್ಳಿಯ ಉದ್ದಕ್ಕೆ ಎಲ್‌ಇಡಿ ಬಲ್ಬು ಕಟ್ಟಿ, ಸಂಜೆಯಿಂದ ರಾತ್ರಿ ಹತ್ತೂವರೆ ತನಕ ಉರಿಸಿ. ಭಾರಿ ಬೆಳಕು ಬೇಡ, ಗಿಡಕ್ಕೆ ಇನ್ನೂ ಕತ್ತಲಾಗಿಲ್ಲ ಎನಿಸಿದರೆ ಸಾಕು. ಬಳ್ಳಿ 12-15 ಅಡಿ ಏರಿದ ಮೇಲೆ ಬಲ್ಬು ಆರಿಸಿ.

ಗೆಡ್ಡೆ ಎಂದಾಗ ಹಾಸನದ ಶುಂಠಿ ನೆನಪಾಗಬಹುದು. ಹಾಗಿರುವುದಿಲ್ಲ, ಬೆರಳುಗಾತ್ರದ ಒಣಬೇರಿನಂತೆ ಕಾಣುತ್ತದೆ. ಕಣ್ಣು ಮೇಲೆ ಬರುವಂತೆ ಎರಡು ಇಂಚು ಆಳದಲ್ಲಿಡಿ. ಬೀಜ ಬಿತ್ತಿದರೆ ಅರ್ಧಕ್ಕರ್ಧ ಗಂಡು ಗಿಡಗಳಾಗುತ್ತವೆ. ಹೆಣ್ಣು ಗಿಡದ ಗೆಡ್ಡೆಯಿಂದ ಹೆಣ್ಣು ಗಿಡವೇ ಬರುತ್ತದೆ, ಗೆಡ್ಡೆ ಕೇಳುವುದು ಅದಕ್ಕೇ. ಮೆಣಸಿನ ಬಳ್ಳಿಯಂತೆ ಇದು ಬೇರಿನಿಂದ ಮರ ಹಿಡಿಯುವುದಿಲ್ಲ. ಒರಟು ರೋಮದಿಂದ ಹಗ್ಗ ಹಿಡಿದು, ಗಡಿಯಾರದ ಮುಳ್ಳಿನ ದಿಕ್ಕಿಗೇ ಸುತ್ತುತ್ತದೆ. ಸಿಲ್ವರ್ ಓಕ್ ನೆರಳಿಗೆ ಬಿಡಬೇಡಿ, ಬಿಸಿಲು ಬೀಳುವ ಅಂಗಳದಲ್ಲಿ ತೆಂಗಿನ ಹಗ್ಗ ಇಳಿಬಿಡಿ. ಮೊದಲ ವರ್ಷ ಜಾಸ್ತಿ ಹೂ ನಿರೀಕ್ಷಿಸಬೇಡಿ.

ಇನ್ನು ಮಳೆ. ಎಲೆ ಒದ್ದೆಯಾಗೇ ಇದ್ದರೆ ಬೂಜು ರೋಗ ತಪ್ಪಿದ್ದಲ್ಲ, ನಮ್ಮ ಜೂನ್-ಆಗಸ್ಟ್ ಅದಕ್ಕೆ ಹಬ್ಬ. ನಾನಾದರೆ ದೊಡ್ಡ ಡ್ರಮ್ಮಿನಲ್ಲಿ ನೆಟ್ಟು, ಮಳೆಗಾಲ ಸೂರಿನಡಿ ಕಳೆದು, ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿ ಹೊಸ ಚಿಗುರನ್ನು ಹಗ್ಗಕ್ಕೆ ಹಬ್ಬಿಸುತ್ತೇನೆ.

ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಗೆಡ್ಡೆ ತರಿಸಬೇಡಿ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ರೋಗವೂ ಜೊತೆಗೆ ಬಂದರೆ ಯಾರಿಗೆ ಬೇಕು? ನಮ್ಮ ದೇಶದಲ್ಲೇ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಹಾಪ್ಸ್ ಬೆಳೆಯುತ್ತಾರೆ, ಮೊದಲು ಅಲ್ಲಿ ವಿಚಾರಿಸಿ. ಮನೆಯಲ್ಲೇ ಬಿಯರ್ ಮಾಡುವ ಯೋಚನೆ ಇದ್ದರೆ ಅಬಕಾರಿ ಕಾಯ್ದೆ ಅಡ್ಡ ಬರುತ್ತದೆ, ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಪರಿಮಳಕ್ಕೆಂದು ಹೂ ಒಣಗಿಸಿಡಲು ತೊಂದರೆಯಿಲ್ಲ. ಆದರೆ ತೋಟದ ನಾಯಿಗೆ ಎಟುಕದಂತಿಡಿ. ಹಾಪ್ಸ್ ತಿಂದ ನಾಯಿಗೆ ಮೈಬಿಸಿ ವಿಪರೀತ ಏರಿ ಜೀವವೇ ಹೋಗಬಹುದು. ತಿಂದದ್ದು ಕಂಡರೆ ಕಾಯುತ್ತಾ ಕೂರದೆ ಕೂಡಲೇ ಪಶುವೈದ್ಯರ ಹತ್ತಿರ ಕರೆದೊಯ್ಯಿರಿ.